ಮರದ ಮೆಟ್ಟಿಲ್ಲದ ಕ್ಲಾಗಿಂಗ್

ಕ್ಲಾಗ್ ಎಂದರೆ ಮರದ ಅಟ್ಟೆಯ ಮೆಟ್ಟು. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕ್ಲಾಗಿಂಗ್ ಕುಣಿತದಲ್ಲಿ ಮಾತ್ರ ಮರದ ಚೂರೂ ಇಲ್ಲ. ಚರ್ಮದ ಬೂಟು, ಅದರಡಿ ಲೋಹದ ಬಿಲ್ಲೆ. ಹೆಸರಿಗೂ ಕುಣಿತಕ್ಕೂ ಹೊಂದದೆ ಇದರ ಮೂಲದ ಚರ್ಚೆ ಗೋಜಲಾಗಿದೆ.

ಮರದ ಮೆಟ್ಟು ತೊಟ್ಟು ಕುಣಿದವರು ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿ ಕಾರ್ಮಿಕರು. ಅಪಲಾಚಿಯಾಕ್ಕೆ 18ನೇ ಶತಮಾನದಲ್ಲಿ ಸ್ಕಾಟ್-ಐರಿಷರು (ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಉತ್ತರಕ್ಕೆ ಬಂದು ನೆಲೆಸಿದವರ ಸಂತತಿ), ಇಂಗ್ಲಿಷರು, ಜರ್ಮನ್ನರು ತಮ್ಮ ತಮ್ಮ ಹೆಜ್ಜೆಗಳೊಡನೆ ಬಂದರು. ಮೂಲನಿವಾಸಿಗಳಾದ ಚೆರೋಕೀ ಜನ ಮೊದಲೇ ಅಲ್ಲಿದ್ದರು. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರಿಂದ ಬ್ಯಾಂಜೋ ಎಂಬ ತಂತಿವಾದ್ಯ ಬಂತು, ಬಕ್ ಡ್ಯಾನ್ಸ್ ಎಂಬ ಒಂಟಿ ಹೆಜ್ಜೆಕುಣಿತ ಬಂತು. ಕ್ಲಾಗಿಂಗ್ ಅನ್ನು ಬರೀ ಸ್ಕಾಟ್-ಐರಿಷ್ ಪರಂಪರೆ ಎನ್ನುವವರು ಕುಣಿಯುವವರ ಮೊಣಕಾಲನ್ನು ಗಮನಿಸಬೇಕು. ಐರಿಷ್ ಹೆಜ್ಜೆ ಮೇಲಕ್ಕೆ ಚಿಮ್ಮುತ್ತದೆ. ಕ್ಲಾಗಿಂಗ್‌ನಲ್ಲಿ ಮೊಣಕಾಲು ಸಡಿಲ, ತಾಳ ಬೀಳುವಾಗ ಮೈತೂಕವೆಲ್ಲ ನೆಲಕ್ಕೆ. ಆ ಇಳಿತದಲ್ಲಿ ಆಫ್ರಿಕದ ಗುರುತು ಎದ್ದು ಕಾಣುತ್ತದೆ.

ಮೂಲ ಹೆಜ್ಜೆ ‘ಡಬಲ್ ಸ್ಟೆಪ್, ರಾಕ್ ಸ್ಟೆಪ್’. ಎಡಗಾಲಿನ ತುದಿ ನೆಲವನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರುತ್ತದೆ: ಎರಡು ಸದ್ದು. ಮೂರನೆಯದಕ್ಕೆ, ಸರಿಯಾಗಿ ತಾಳದ ಮೇಲೆ, ಅದೇ ಕಾಲು ಊರುತ್ತದೆ. ಬಲಗಾಲಿನ ತುದಿ ಹಿಂದೆ ತಾಗಿ ಅರೆಗಳಿಗೆ ತೂಕ ಹೊರುತ್ತದೆ, ತೂಕ ಮತ್ತೆ ಎಡಕ್ಕೆ. ಎರಡು ತಾಳಕ್ಕೆ ಐದು ಸದ್ದು. ಈಗ ಬಲಗಾಲು ಖಾಲಿ, ಮುಂದಿನ ಸರದಿ ಅದರದು. ಹೊಸಬರು ಸವರುವ ಕಾಲನ್ನು ಮೊಣಕಾಲಿನಿಂದ ಒದೆಯುತ್ತಾರೆ. ಆಗ ಎರಡು ಸದ್ದು ಒಂದಾಗುತ್ತದೆ. ಕೆಲಸ ಸಡಿಲ ಕಣಕಾಲಿನದು. ಹಿಂದಿನ ಕಾಲನ್ನು ದೂರ ಇಟ್ಟರೆ ಐದನೆಯ ಸದ್ದು ತಡವಾಗುತ್ತದೆ. ಕಾಂಕ್ರೀಟಿನ ಮೇಲೆ ಅಭ್ಯಾಸ ಮಾಡಿದರೆ ಮುಂಗಾಲಿನ ಮೂಳೆ ನೋಯುತ್ತದೆ, ಹಲಗೆ ಹಾಸಿಕೊಳ್ಳಬೇಕು.

ಮನೆಯಂಗಳದ ಈ ಕುಣಿತವನ್ನು ವೇದಿಕೆಗೆ ತಂದದ್ದು ಸ್ಪರ್ಧೆ. ಜನಪದ ಹಾಡುಗಳ ಸಂಗ್ರಾಹಕ ಬಾಸ್ಕಮ್ ಲಾಮರ್ ಲನ್ಸ್‌ಫರ್ಡ್ 1928ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿ ಶುರುಮಾಡಿದ ಬೆಟ್ಟದ ಕುಣಿತದ ಹಬ್ಬಕ್ಕೆ ಚದುರ ಕುಣಿತದ (ಸ್ಕ್ವೇರ್ ಡ್ಯಾನ್ಸ್) ತಂಡಗಳು ಬರತೊಡಗಿದವು. ಜೋಡಿಗಳು ಸುತ್ತು ಹಾಕುವುದು ಒಟ್ಟಿಗೆ, ಪಾದಗಳು ಮಾತ್ರ ಅವರವರ ಇಷ್ಟದಂತೆ. ಇದೇ ಫ್ರೀಸ್ಟೈಲ್. ಸ್ಯಾಮ್ ಕ್ವೀನ್ ಅವರ ಸೋಕೋ ಗ್ಯಾಪ್ ತಂಡ 1939ರಲ್ಲಿ ಶ್ವೇತಭವನದಲ್ಲಿ ಬ್ರಿಟನ್ನಿನ ರಾಜ-ರಾಣಿಯರ ಮುಂದೆ ಕುಣಿಯಿತು. ಇದು ನಮ್ಮ ಕ್ಲಾಗ್ ಕುಣಿತದಂತೆಯೇ ಇದೆ ಎಂದು ರಾಣಿ ಹೇಳಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

1950ರ ದಶಕದ ಕೊನೆಗೆ ಜೇಮ್ಸ್ ಕೆಸ್ಟರ್‌ಸನ್ ಅವರ ತಂಡ ಎಲ್ಲರ ಪಾದಗಳನ್ನೂ ಒಂದೇ ಹೆಜ್ಜೆಗೆ ಕೂಡಿಸಿತು. ಅದು ಪ್ರಿಸಿಷನ್ ಕ್ಲಾಗಿಂಗ್. ಈಗ ಬಳಕೆಯಲ್ಲಿರುವ ಜಿಂಗಲ್ ಟ್ಯಾಪ್‌ನಲ್ಲಿ ಒಂದು ಬಿಲ್ಲೆ ಅಟ್ಟೆಗೆ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ಸಡಿಲವಾಗಿ ಅದಕ್ಕೆ ಬಡಿಯುತ್ತದೆ. ಹದಿನಾರು ಜನ ಒಟ್ಟಿಗೆ ಕುಣಿದಾಗ ಆ ಸದ್ದು ರೋಮಾಂಚನವೇ. ಆದರೆ ಯಾರ ಪಾದ ಏನು ಹೇಳುತ್ತಿದೆ ಎಂಬುದು ಅದರಲ್ಲಿ ಮುಳುಗಿಹೋಗುತ್ತದೆ, ಸೂಕ್ಷ್ಮ ಸವರುವಿಕೆಯಂತೂ ಕೇಳುವುದೇ ಇಲ್ಲ. 1971ರಲ್ಲಿ ಉತ್ತರ ಕೆರೊಲಿನಾದ ಗ್ರೀನ್‌ವಿಲ್‌ನ ವಿದ್ಯಾರ್ಥಿಗಳು ಕಟ್ಟಿದ ಗ್ರೀನ್ ಗ್ರಾಸ್ ಕ್ಲಾಗರ್ಸ್ ನಾಲ್ಕು ಜೋಡಿಯ ವಿನ್ಯಾಸ, ಎತ್ತರದ ಒದೆತಗಳನ್ನು ತಂದು ಯುವಕರನ್ನು ಸೆಳೆಯಿತು.

ಉತ್ತರ ಕೆರೊಲಿನಾ 2005ರಲ್ಲಿ ಕ್ಲಾಗಿಂಗ್ ಅನ್ನು ರಾಜ್ಯದ ಜನಪದ ನೃತ್ಯವೆಂದು ಘೋಷಿಸಿತು. ಪಾದ ನೆಲ ಬಿಡದ, ಹಳೆಯ ಫ್ಲಾಟ್‌ಫುಟ್ ಬೇಕೆನ್ನುವವರು ವರ್ಜೀನಿಯಾದ ಗೇಲಾಕ್ಸ್ ಊರಿನ ಪಿಟೀಲು ಮೇಳಕ್ಕೆ ಹೋಗಬೇಕು. 1935ರಿಂದ ನಡೆದುಬಂದಿರುವ ಆ ಮೇಳದಲ್ಲಿ ಫ್ಲಾಟ್‌ಫುಟ್‌ಗೆಂದೇ ಪ್ರತ್ಯೇಕ ಸ್ಪರ್ಧೆಯಿದೆ.