ಮೊಬೈಲ್ ಮುಂದೆ ಎರಡು ತಾಸು ಕೂರುವ ಹುಡುಗನಿಗೆ ಎಡಿಎಚ್‌ಡಿ ಹೇಗೆ?

ಪ್ರಶ್ನೆ: “ನಮ್ಮ ಹುಡುಗ ಮೂರನೇ ಕ್ಲಾಸ್. ಸಾಲ್ಯಾಗ ಕುಂತಲ್ಲಿ ಕುಂದ್ರಂಗಿಲ್ಲಂತ ಅಕ್ಕೋರು ದಿನಾ ಹೇಳ್ತಾರ್ರಿ. ಎಡಿಎಚ್‌ಡಿ ಇರಬಹುದು, ಒಮ್ಮೆ ತೋರಿಸ್ರಿ ಅಂದ್ರು. ಆದ್ರ ಮೊಬೈಲ್ ಕೊಟ್ರ ಎರಡು ತಾಸು ಅಲ್ಲಾಡಂಗಿಲ್ಲ. ಹಂಗಿದ್ಮ್ಯಾಲ ಅದು ಹ್ಯಾಂಗ ಆಗ್ತದ?” (ಸಿಂಧನೂರು ಕಡೆಯ ತಾಯಿ)

ಊರು ಬದಲಾಗುತ್ತದೆ, ಕ್ಲಾಸು ಬದಲಾಗುತ್ತದೆ, ಈ ಮೊಬೈಲ್ ಪ್ರಶ್ನೆ ಮಾತ್ರ ಅದೇ. ಇರಲಿ ತಾಯಿ, ಮಾಸ್ತರ ಆದವನು ಒಂದೇ ಮಗ್ಗಿಯನ್ನು ಎಷ್ಟು ವರ್ಷ ಹೇಳಿಕೊಟ್ಟಿಲ್ಲ? ಇನ್ನೊಂದು ಸಲ ಹೇಳುತ್ತೇನೆ. ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ; ಇಂಗ್ಲಿಷ್ ಹೆಸರಿನಲ್ಲೇ ‘ಗಮನದ ಕೊರತೆ’ ಅಂತಿದೆ.

ಮೊಬೈಲ್ ಮುಂದೆ ಕೂರುವುದು ಗಮನದ ಪರೀಕ್ಷೆಯೇ ಅಲ್ಲ. ಅಲ್ಲಿ ಹುಡುಗ ಗಮನ ಕೊಡುತ್ತಿಲ್ಲ, ಮೊಬೈಲೇ ಎಳೆದುಕೊಳ್ಳುತ್ತಿದೆ. ಗಳಿಗೆಗೊಂದು ಚಿತ್ರ, ಒತ್ತಿದ ಕೂಡಲೇ ಪಾಯಿಂಟು, ಸೋತರೆ ಮತ್ತೆ ಮೊದಲಿಂದ. ಕಾಯುವ ಮಾತೇ ಇಲ್ಲ. ಭಾಗಾಕಾರ ಹಾಗಲ್ಲ. ಬೇಜಾರಾದರೂ ಮನಸ್ಸನ್ನು ಎಳೆದು ತಂದು ಕೂರಿಸಬೇಕು. ಈ ಮಕ್ಕಳಿಗೆ ಕಷ್ಟವಾಗುವುದು ಅಲ್ಲೇ. ನಿಮ್ಮ ಎಡದಂಡೆ ಕಾಲುವೆ ನೆನಪು ಮಾಡಿಕೊಳ್ಳಿ. ನೀರು ಬೇಕಾದಷ್ಟಿದೆ, ಹೇಳಿದ ಹೊತ್ತಿಗೆ ಹೇಳಿದ ಗದ್ದೆಗೆ ತಿರುಗಿಸುವ ತೂಬು ಬಿಗಿ. ‘ಗಮನದ ಕೊರತೆ’ ಅಂತ ಹೆಸರಿಟ್ಟವರದೂ ಸ್ವಲ್ಪ ತಪ್ಪಿದೆ ಬಿಡಿ.

“ಬೇಕಂತಲೇ ಮಾಡ್ತಾನ, ನಾಲ್ಕು ಬಿಟ್ರ ಸರಿಹೋಗ್ತಾನ” ಅನ್ನುವ ಮನೆಯ ಅಜ್ಜಂದಿರ ವಾದವೂ ಇದೇ ಮೊಬೈಲ್ ಲೆಕ್ಕದಿಂದ ಹುಟ್ಟಿದ್ದು. ಹೊಡೆದರೆ ತೂಬು ಸಡಿಲ ಆಗಲ್ಲ. ಮೊಬೈಲಿಂದಲೇ ಇದು ಬಂತು ಅನ್ನುವುದೂ ಸರಿಯಲ್ಲ. ಜಾಸ್ತಿ ಮಟ್ಟಿಗೆ ಇದು ವಂಶದಲ್ಲೇ ಬರುತ್ತದೆ. ಮೊಬೈಲ್ ಇಲ್ಲದ ಕಾಲದ ಅಪ್ಪನನ್ನೂ ಒಮ್ಮೆ ವಿಚಾರಿಸಿ.

ಮೊಬೈಲ್ ಬಿಟ್ಟು ನೋಟ್‌ಬುಕ್ ನೋಡಿ. ನನ್ನ ಕ್ಲಾಸಿನ ಒಬ್ಬ ಹುಡುಗನ ಪುಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ನಾಲ್ಕು ಲೆಕ್ಕ ಸರಿ. ಐದನೆಯದರಲ್ಲಿ ಕಳೆಯುವ ಬದಲು ಕೂಡಿಸಿದ್ದಾನೆ. ಆರನೆಯದು ಅರ್ಧ. ಆಮೇಲೆ ಒಂದು ಟ್ರ್ಯಾಕ್ಟರ್ ಚಿತ್ರ. ಅದೇ ಲೆಕ್ಕ ಬಾಯಲ್ಲಿ ಕೇಳಿದರೆ ಟಕ್ ಅಂತ ಉತ್ತರ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಎರಡು ಪೆನ್ಸಿಲ್ ಕಳೆದಿರುತ್ತಿದ್ದ.

ಆದರೆ ಇಷ್ಟಕ್ಕೇ ಹೆಸರು ಹಚ್ಚಬೇಡಿ. ಇಂಥದು ಆರು ತಿಂಗಳಿಗಿಂತ ಹೆಚ್ಚು ನಡೆದಿರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆಯಲ್ಲೂ ಸಾಲಿಯಲ್ಲೂ ಕಾಣಬೇಕು, ಮಗುವಿನ ಓದಿಗೋ ಗೆಳೆತನಕ್ಕೋ ತೊಂದರೆ ಕೊಡುತ್ತಿರಬೇಕು. ಸಾಲಿಯಲ್ಲಿ ಮಾತ್ರ ಇದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಓದಲು ಬಾರದ್ದಕ್ಕೆ ಎದ್ದು ಓಡಾಡುವ ಮಕ್ಕಳೂ ಇದ್ದಾರೆ.

ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಲ್ಲೂ ಇದು ಸಿಗಲ್ಲ. ಡಾಕ್ಟರು ನಿಮ್ಮನ್ನೂ ಅಕ್ಕೋರನ್ನೂ ಕೇಳಿಯೇ ಹೇಳಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರಿ ಸಾಲಿಗೆ ಬರುವ ಆರ್‌ಬಿಎಸ್‌ಕೆ ತಂಡದವರ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ, ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋದರೆ ಜನ ಏನಂತಾರೋ ಅನ್ನುವವರಿಗೆ ಒಂದು ಮಾತು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಜನರ ಹತ್ತಿರಕ್ಕೇ ಒಯ್ದು ಮಾಡಿ ತೋರಿಸಿದ್ದೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೆ ಕಲಿಸಿದ ಸೀಮೆಯವರು ನಾವು, ನಾಚಿಕೆ ಯಾಕೆ?

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗದ್ದಲ ಮಾಡುವ ಹುಡುಗನ ಬಗ್ಗೆ ದಿನಾ ದೂರು ಬರುತ್ತದೆ. ಕಿಟಕಿ ಪಕ್ಕ ಸುಮ್ನೆ ಕೂತ ಹುಡುಗಿಯ ಬಗ್ಗೆ ಯಾರೂ ದೂರುವುದಿಲ್ಲ. ಎಡಿಎಚ್‌ಡಿಯಲ್ಲಿ ಕುಣಿದಾಡದೆ ಬರೀ ಮನಸ್ಸು ಅಲೆದಾಡುವ ಬಗೆಯೂ ಒಂದಿದೆ. ಹೆಣ್ಣುಮಕ್ಕಳಲ್ಲಿ ಅದು ತುಂಬಾ ಸಲ ತಪ್ಪಿಹೋಗುತ್ತದೆ. ಹೆಸರು ಕೂಗಿದರೆ ಮೂರನೇ ಸಲಕ್ಕೆ ತಿರುಗುತ್ತಿದ್ದ ಅಂಥ ಒಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಮೂರು ವರ್ಷವೂ ಅವಳ ಪ್ರಗತಿ ಪತ್ರದಲ್ಲಿ ನಾನು ಬರೆದದ್ದು ಒಂದೇ: “ಶಾಂತ ಸ್ವಭಾವ. ಇನ್ನೂ ಶ್ರಮಪಡಬೇಕು.”