ದೇವರ ಕೋಪ ತಣಿಸಲು ಯೇಸು ಅಡ್ಡ ಬಂದರೇ?

ಪ್ರಶ್ನೆ: ದೇವರು ಕರುಣಾಮಯಿ ಎನ್ನುತ್ತೀರಿ. ಹಾಗಿದ್ದರೆ ನಮ್ಮ ಪಾಪಗಳನ್ನು ಸುಮ್ಮನೆ ಕ್ಷಮಿಸಿಬಿಡಬಹುದಿತ್ತಲ್ಲ? ಅವರ ಕೋಪ ತಣಿಯಲು ಮಗನ ರಕ್ತವೇ ಏಕೆ ಬೇಕಾಯಿತು? (ಮಂಡ್ಯದ ಓದುಗರೊಬ್ಬರು)

ತಪಸ್ಸುಕಾಲ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳು, ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಶುಕ್ರವಾರ ಸಂಜೆ ಯೇಸುವಿನ ಕೊನೆಯ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿ ಪ್ರಾರ್ಥನೆಯ 14 ಸ್ಥಳಗಳನ್ನು ಮುಗಿಸಿ, ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹುಡುಕುವ ಗದ್ದಲದಲ್ಲಿ ಯಾರಾದರೊಬ್ಬರು ನನ್ನನ್ನು ನಿಲ್ಲಿಸಿ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮರುವರ್ಷ ಮತ್ತೆ ಅದೇ. ಆದ್ದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ.

ಮೊದಲ ಭಾಗಕ್ಕೆ ಉತ್ತರ ಸುಲಭ. ಹೌದು, ಸುಮ್ಮನೆ ಕ್ಷಮಿಸಬಹುದಿತ್ತು. ಇದು ನನ್ನ ಸ್ವಂತ ಧೈರ್ಯದ ಮಾತಲ್ಲ. 13ನೇ ಶತಮಾನದಲ್ಲಿ ಧರ್ಮಪಂಡಿತ ಸಂತ ಥಾಮಸ್ ಅಕ್ವಿನಾಸರು ಹೇಳಿದ್ದು. ಮನುಷ್ಯ ನ್ಯಾಯಾಧೀಶ ಬೇರೆಯವರಿಗಾದ ಅನ್ಯಾಯವನ್ನು ತನ್ನ ಇಷ್ಟದಂತೆ ಮನ್ನಾ ಮಾಡುವಂತಿಲ್ಲ. ದೇವರ ಮೇಲೆ ಇನ್ನೊಬ್ಬ ಅಧಿಕಾರಿ ಇಲ್ಲ. ತಮಗೆ ಎಸಗಿದ ಅಪರಾಧವನ್ನು ಅವರು ಪರಿಹಾರ ಕೇಳದೆ ಬಿಟ್ಟರೂ ಅದು ಅನ್ಯಾಯವಾಗದು, ಕರುಣೆಯೇ ಆಗುತ್ತದೆ. ಹಾಗಿದ್ದೂ ಶಿಲುಬೆಯ ದಾರಿಯನ್ನು ಆರಿಸಿಕೊಂಡದ್ದಕ್ಕೆ ಥಾಮಸರು ಕೊಡುವ ಮೊದಲ ಕಾರಣ, ದೇವರು ತನ್ನನ್ನು ಎಷ್ಟು ಪ್ರೀತಿಸುತ್ತಾರೆಂದು ಮನುಷ್ಯನಿಗೆ ತಿಳಿಯಲಿ, ತಿಳಿದು ಅವನೂ ಪ್ರೀತಿಸಲು ಕಲಿಯಲಿ ಎಂಬುದು.

ನನಗೆ ತಡೆಯಲಾಗದ್ದು ಪ್ರಶ್ನೆಯ ಎರಡನೆಯ ಭಾಗ. "ಕೋಪ ತಣಿಯಲು" ಎಂಬ ಮಾತನ್ನು ಕೇಳುವವರು ಪ್ರಶ್ನೆಯಾಗಿ ಕೇಳುವುದೇ ಇಲ್ಲ, ಗೊತ್ತಿರುವ ಸಂಗತಿಯೆಂಬಂತೆ ಸೇರಿಸಿಬಿಡುತ್ತಾರೆ. ನಾನು ಕಲಿಸುವ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ರಕ್ಷಣೆಯ ಚಿತ್ರ ಬರೆದುಕೊಟ್ಟಳು. ಮೋಡದ ಮೇಲೆ ಬಿಳಿ ಗಡ್ಡದ ತಂದೆ, ಕೈಯಲ್ಲಿ ಬೆತ್ತ. ಕೆಳಗೆ ಕಡ್ಡಿಯಂಥ ಕೈಕಾಲಿನ ನಾವೆಲ್ಲ. ನಡುವೆ ಎರಡೂ ಕೈ ಚಾಚಿ ನಿಂತ ಯೇಸು, ಬೆನ್ನ ಮೇಲೆ ಕೆಂಪು ಬಳಪದ ಬಾಸುಂಡೆಗಳು. ಯೇಸುವಿನ ಮುಖವನ್ನು ಎಷ್ಟು ಮುದ್ದಾಗಿ ಬರೆದಿದ್ದಳೆಂದರೆ ಮಗುವನ್ನು ಗದರಲು ಮನಸ್ಸಾಗಲಿಲ್ಲ. ಅವಳಿಗೆ ಇದನ್ನು ಹೇಳಿಕೊಟ್ಟ ದೊಡ್ಡವರ ಮೇಲೆ ಮಾತ್ರ ಸಿಟ್ಟು ಬಂತು.

ಈ ಕಲ್ಪನೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಕಡೆ ಪಹಣಿ ತಿದ್ದಿಸಬೇಕಾದರೆ ಏನು ಮಾಡುತ್ತೇವೆ? ಸಾಹೇಬರು ಸಿಡುಕರು, ನೇರವಾಗಿ ಹೋದರೆ ಬೈಸಿಕೊಳ್ಳಬೇಕು, ಅವರಿಗೆ ಬೇಕಾದವರೊಬ್ಬರನ್ನು ಹಿಡಿದರೆ ಕೆಲಸವಾಗುತ್ತದೆ. ಇದೇ ಲೆಕ್ಕವನ್ನು ಸ್ವರ್ಗಕ್ಕೂ ಹಚ್ಚಿದ್ದೇವೆ. ತಂದೆ ಸಿಡುಕಿನ ಸಾಹೇಬರು, ಯೇಸು ಒಳಗಿನ ವಶೀಲಿ.

ಶುಭಸಂದೇಶದಲ್ಲಿ (ಸುವಾರ್ತೆಯಲ್ಲಿ) ಇದು ಪೂರ್ತಿ ತಿರುಗುಮುರುಗು. ಯೋವಾನ್ನನ ಮೂರನೇ ಅಧ್ಯಾಯದ 16ನೇ ವಚನವನ್ನು ಕಂಠಪಾಠ ಮಾಡದ ಕ್ರೈಸ್ತರಿಲ್ಲ. ಅಲ್ಲಿ ಲೋಕವನ್ನು ಪ್ರೀತಿಸಿದವರು ಯಾರು? ತಂದೆ. ಪ್ರೀತಿಸಿದ್ದರಿಂದಲೇ ಮಗನನ್ನು ಕೊಟ್ಟರು. ಮಗನನ್ನು ಕೊಟ್ಟ ಮೇಲೆ ಪ್ರೀತಿಸಲು ಶುರುಮಾಡಿದರೆಂದು ಎಲ್ಲೂ ಇಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನು ತೆಗೆದು ನೋಡಿ: ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಸತ್ತರು, ದೇವರು ತಮ್ಮ ಪ್ರೀತಿಯನ್ನು ತೋರಿಸಿದ್ದು ಅದರಲ್ಲೇ. ಎಫೆಸದವರಿಗೆ ಬರೆಯುವಾಗಲೂ ನಮ್ಮನ್ನು ಬದುಕಿಸಿದ್ದಕ್ಕೆ ಅವರು ಕೊಡುವ ಕಾರಣ ದೇವರ ಅಪಾರ ಕರುಣೆ ಮತ್ತು ಮಹಾಪ್ರೀತಿ. ಶಿಲುಬೆ ಆ ಪ್ರೀತಿಯ ಫಲ. ಮೊದಲು ಶಿಲುಬೆ, ಆಮೇಲೆ ಪ್ರೀತಿ ಎಂದು ಓದುವವರು ಇಡೀ ಧರ್ಮವನ್ನೇ ತಲೆಕೆಳಗು ಮಾಡುತ್ತಾರೆ.

ಇನ್ನೂ ಅನುಮಾನವಿದ್ದರೆ ಲೂಕನ 15ನೇ ಅಧ್ಯಾಯಕ್ಕೆ, ಪಾಲಿನ ಆಸ್ತಿಯನ್ನು ಹಾಳುಮಾಡಿ ಮನೆಗೆ ಮರಳುವ ದುಂದುಗಾರ ಮಗನ ಕಥೆಗೆ ಬನ್ನಿ. ತಮ್ಮ ತಂದೆ ಎಂಥವರೆಂದು ಯೇಸು ಸ್ವತಃ ಹೇಳಿದ ಕಥೆ ಅದು. ಅಲ್ಲಿ ಮಗನ ಪರವಾಗಿ ಬೇಡಿಕೊಳ್ಳುವವರು ಒಬ್ಬರೂ ಇಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಮುಗಿಸಲೂ ಬಿಡುವುದಿಲ್ಲ. ಕೂಲಿಯವನಂತೆ ಇಟ್ಟುಕೋ ಎಂಬ ಮಾತು ಮಗನ ಬಾಯಲ್ಲೇ ಉಳಿಯುತ್ತದೆ. ಆ ಮನೆಯಲ್ಲೂ ಕೊಬ್ಬಿದ ಕರುವನ್ನು ಕಡಿಯುತ್ತಾರೆ. ಯಾವಾಗ? ಅಪ್ಪುಗೆ, ಮುತ್ತು, ಉಂಗುರ, ಪಾದರಕ್ಷೆ ಎಲ್ಲ ಆದ ಮೇಲೆ. ಅದು ಅಪ್ಪನ ಕೋಪ ಇಳಿಸಲು ಅಲ್ಲ, ಊಟಕ್ಕೆ.

ಹಾಗಾದರೆ ಬೈಬಲ್ಲಿನಲ್ಲಿ ದೇವರ ಕೋಪದ ಮಾತೇ ಇಲ್ಲವೇ? ಇದೆ, ಪೌಲರಲ್ಲೂ ಇದೆ. ಆದರೆ ಅದು ಪಾಪದ ಮೇಲಿನದು, ನಮ್ಮನ್ನು ಹಾಳುಮಾಡುವುದರ ಮೇಲಿನದು. ನಮ್ಮನ್ನು ಪ್ರೀತಿಸದವರಿಗೆ ಆ ಕೋಪ ಬರುವುದೂ ಇಲ್ಲ. ಯೇಸುವನ್ನು ಏಕೈಕ ಮಧ್ಯಸ್ಥರೆಂದು ಪೌಲರು ಕರೆಯುವುದೂ ನಿಜ. ಆ ಮಧ್ಯಸ್ಥರನ್ನು ಕಳುಹಿಸಿದವರು ತಂದೆಯೇ ಎಂಬುದನ್ನು ನಾವು ಮರೆಯುತ್ತೇವೆ, ಅಷ್ಟೆ. ಹಿಪ್ಪೋ ನಗರದ ಬಿಷಪರಾಗಿದ್ದು 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನರು ಇದನ್ನು ಬಿಡಿಸಿ ಹೇಳಿದ್ದಾರೆ: ಮಗನ ರಕ್ತದಿಂದ ರಾಜಿಯಾದ ಮೇಲೆ ದೇವರು ನಮ್ಮನ್ನು ಹೊಸದಾಗಿ ಪ್ರೀತಿಸತೊಡಗಲಿಲ್ಲ, ಲೋಕ ಹುಟ್ಟುವ ಮೊದಲೇ ಪ್ರೀತಿಸಿದ್ದರು. ಈ ಮಾತು ಕಥೋಲಿಕರ ಸೊತ್ತು ಮಾತ್ರವಲ್ಲ. ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಕೂಡ ಅಗಸ್ಟೀನರ ಇದೇ ಮಾತನ್ನು ಎತ್ತಿ ಬರೆದಿದ್ದಾನೆ. ಪ್ರಾಟೆಸ್ಟಂಟ್ ಪಂಗಡವಾದ ಸಿಎಸ್ಐ ಸಭೆಯ ನನ್ನ ಸ್ನೇಹಿತರೂ ನಾನೂ ವಾದಿಸಲು ಬೇರೆ ವಿಷಯಗಳು ಬೇಕಾದಷ್ಟಿವೆ, ಇದರಲ್ಲಿ ಮಾತ್ರ ಎರಡು ಮಾತಿಲ್ಲ.

ದೈವಕರುಣೆಯ ಯೇಸುವಿನ ಪಟ, ಎದೆಯಿಂದ ಬಿಳಿ ಮತ್ತು ಕೆಂಪು ಕಿರಣ ಹೊಮ್ಮುವ ಆ ಪಟ, ಮೈಸೂರಿನ ಎಷ್ಟೋ ಮನೆಗಳಲ್ಲಿದೆ. ಪಾಸ್ಕದ ನಂತರದ ಭಾನುವಾರವನ್ನು ದೈವಕರುಣೆಯ ಭಾನುವಾರವೆಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) 2000ದಲ್ಲಿ ಸಾರಿದರು. ಆ ಪಟದ ಮುಂದೆ ಕುಳಿತು ಹೇಳುವ ಜಪಮಾಲೆಯ ಪ್ರಾರ್ಥನೆಯನ್ನು ಒಮ್ಮೆ ಗಮನಿಸಿ. ಪಟ ಯೇಸುವಿನದು, ಪ್ರಾರ್ಥನೆ ನಿತ್ಯರಾದ ತಂದೆಗೆ. ದಿನವೂ ತಂದೆಯ ಬಳಿಯೇ ಕರುಣೆ ಕೇಳುತ್ತಾ, ಅದೇ ಬಾಯಲ್ಲಿ ಅವರನ್ನು ಕ್ರೂರಿಯೆನ್ನುವುದು ಹೇಗೆ ಸಾಧ್ಯವೋ ನನಗೆ ಅರ್ಥವಾಗಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು, ಏಕೆಂದರೆ ಇದೇ ಭಯ ಹರಕೆಯಲ್ಲೂ ಸೇರಿಕೊಂಡಿದೆ. ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿ ಸಂತ ಅಂತೋಣಿಯವರ ಬಸಿಲಿಕಕ್ಕೆ ಜಾತಿಮತ ನೋಡದೆ ಜನ ಬರುತ್ತಾರೆ. ಜೂನ್ 13ರ ಹಬ್ಬದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಕೃತಜ್ಞತೆಯಿಂದ ಹಚ್ಚುವ ಮೇಣದಬತ್ತಿಯ ಬಗ್ಗೆ ನನ್ನ ತಕರಾರಿಲ್ಲ, ನಾನೂ ಹಚ್ಚುತ್ತೇನೆ. "ಹರಕೆ ತೀರಿಸದಿದ್ದರೆ ಮಗುವಿಗೆ ಏನಾದರೂ ಆದೀತು" ಎಂದು ಕೈಸಾಲ ಮಾಡಿ ಬಸ್ ಹತ್ತುವ ತಾಯಂದಿರನ್ನು ಕಂಡಾಗ ಮಾತ್ರ ಸಂಕಟವಾಗುತ್ತದೆ. ಹರಕೆ ಹಗುರವಾದ ಮಾತಲ್ಲ, ನಿಜ. ಆದರೆ ಅದು ಸಾಲ ಕೊಟ್ಟು ಹಲ್ಲೆಗಿಳಿಯುವವನಿಗೆ ಬರೆದುಕೊಟ್ಟ ಪತ್ರವೂ ಅಲ್ಲ. ನ್ಯಾಯವಾದ ಕಾರಣವಿದ್ದರೆ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ನಿಮ್ಮ ಧರ್ಮಕೇಂದ್ರದ ಗುರುಗಳಿಗೇ ಇದೆ. ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸಕ್ಕೆ ಅದನ್ನು ನೀವೇ ಬದಲಿಸಿಕೊಳ್ಳಲೂ ಬಹುದು. ಎರಡೂ 1983ರ ಧರ್ಮಸಭೆಯ ಕಾನೂನಿನಲ್ಲೇ ಇವೆ. ಭಾನುವಾರ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ಐದು ನಿಮಿಷ ನಿಂತು ಗುರುಗಳನ್ನು ಕೇಳಿ.