ಹಳಿಯ ಕೀಲು ಮತ್ತು ಕಾಣೆಯಾದ 46 ಸೆಂಟಿಮೀಟರ್

ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಲೆಕ್ಕದ ಪ್ರಕಾರ 46 ಸೆಂಟಿಮೀಟರ್ ಹಿಗ್ಗಬೇಕು. ಬೆಸೆದ ಹಳಿಗಳಾದರೋ ಹಲವು ಕಿಲೋಮೀಟರ್ ಉದ್ದಕ್ಕೆ ಒಂದೇ ತುಂಡಾಗಿ ಮಲಗಿರುತ್ತವೆ, ಮತ್ತು ಅವುಗಳ ತುದಿಯಲ್ಲಿ ಹಿಗ್ಗಲು ಬಿಟ್ಟಿರುವ ಜಾಗ ಕೆಲವೇ ಸೆಂಟಿಮೀಟರ್. ಉಳಿದ ಉದ್ದ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ನನ್ನನ್ನು ಒಂದು ವಾರ ಕಾಡಿತು. ಅದು ಈಗಷ್ಟೇ ಬಗೆಹರಿದಿರುವುದರಿಂದ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಆ ಭಾಗವೇ ಈ ಟಿಪ್ಪಣಿಯಲ್ಲಿ ಹೆಚ್ಚು ಜಾಗ ಹಿಡಿದಿದೆ.

ಹಳಿಯ ಅಡ್ಡಕೊಯ್ತ

ಹಳಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ: ಗಾಲಿ ಓಡುವ ತಲೆ, ಸ್ಲೀಪರ್ (ಹಳಿಗಳ ಕೆಳಗೆ ಅಡ್ಡಲಾಗಿ ಹಾಸಿದ ತೊಲೆ) ಮೇಲೆ ಕೂರುವ ಅಗಲವಾದ ಪಾದ, ಇವೆರಡನ್ನೂ ಸೇರಿಸುವ ತೆಳುವಾದ ನಡುಗೋಡೆ. ಎಲ್ಲ ಲೆಕ್ಕಗಳಿಗೂ ನಾನು ಯುಐಸಿ 60 ಎಂಬ ಹಳಿಯನ್ನೇ ಇಟ್ಟುಕೊಂಡಿದ್ದೇನೆ. ಅದರ ತೂಕ ಮೀಟರಿಗೆ ಸುಮಾರು 60 ಕೆಜಿ, ಎತ್ತರ 172 ಮಿ.ಮೀ., ಪಾದದ ಅಗಲ 150 ಮಿ.ಮೀ., ನಡುಗೋಡೆಯ ದಪ್ಪ 16.5 ಮಿ.ಮೀ., ಅಡ್ಡಕೊಯ್ತದ ಕ್ಷೇತ್ರಫಲ ಸುಮಾರು 7670 ಚದರ ಮಿ.ಮೀ. ಬಾಗುವಿಕೆಯನ್ನು ತಡೆಯಬೇಕಾದರೆ ಲೋಹವು ನಡುವಿನ ಅಕ್ಷದಿಂದ ಆದಷ್ಟು ದೂರದಲ್ಲಿರಬೇಕು. ಆದ್ದರಿಂದಲೇ ತಲೆ ಮತ್ತು ಪಾದ ದಪ್ಪ, ನಡುಗೋಡೆ ತೆಳು. ಎತ್ತರವನ್ನು ಮನಸ್ಸಿಗೆ ಬಂದಷ್ಟು ಹೆಚ್ಚಿಸುವಂತಿಲ್ಲ, ಏಕೆಂದರೆ ತಿರುವಿನಲ್ಲಿ ಗಾಲಿ ಪಕ್ಕಕ್ಕೆ ತಳ್ಳಿದಾಗ ಎತ್ತರದ ಹಳಿ ಮಗುಚಲು ನೋಡುತ್ತದೆ. ತಲೆಯಲ್ಲಿ ಸವೆತಕ್ಕೆಂದು ಹೆಚ್ಚುವರಿ ಲೋಹವಿರುತ್ತದೆ. ಆದರೆ ದಪ್ಪನೆಯ ತಲೆ ಪಾದಕ್ಕಿಂತ ನಿಧಾನವಾಗಿ ತಣಿಯುವುದರಿಂದ, ಕಾರ್ಖಾನೆಯಲ್ಲಿ ಕೆಂಪಗೆ ಹೊರಬಂದ ಹಳಿ ತಣ್ಣಗಾಗುವಷ್ಟರಲ್ಲಿ ಬಾಗಿಕೊಂಡಿರುತ್ತದೆ, ಅದನ್ನು ರೋಲರುಗಳ ನಡುವೆ ಹಾಯಿಸಿ ನೇರ ಮಾಡಬೇಕಾಗುತ್ತದೆ.

ಬಾಗುವಿಕೆಯ ಲೆಕ್ಕ ಸರಳ. ಹಳಿಯನ್ನು ಸಾಲಾಗಿ ಜೋಡಿಸಿದ ಸ್ಪ್ರಿಂಗುಗಳ ಮೇಲೆ ಮಲಗಿಸಿದ ಉದ್ದನೆಯ ತೊಲೆ ಎಂದು ಭಾವಿಸಬೇಕು. ಹಳಿಯ ಗಡಸುತನ ಮತ್ತು ನೆಲದ ಗಡಸುತನ ಸೇರಿ ಒಂದು ವಿಶಿಷ್ಟ ಉದ್ದ ದೊರೆಯುತ್ತದೆ. ಗಾಲಿಯ ಭಾರವನ್ನು ಆ ಉದ್ದದಿಂದ ಗುಣಿಸಿ 4ರಿಂದ ಭಾಗಿಸಿದರೆ ಅತಿ ಹೆಚ್ಚಿನ ಬೆಂಡಿಂಗ್ ಮೊಮೆಂಟ್, ಅಂದರೆ ಹಳಿಯನ್ನು ಬಾಗಿಸುವ ಪರಿಣಾಮದ ಅಳತೆ, ಬರುತ್ತದೆ. ನೆಲದ ಗಡಸುತನವನ್ನು ಹಳಿಯೊಂದರ ಪ್ರತಿ ಮಿಲಿಮೀಟರ್ ಉದ್ದಕ್ಕೆ, ಪ್ರತಿ ಮಿಲಿಮೀಟರ್ ಕುಸಿತಕ್ಕೆ 20 ನ್ಯೂಟನ್ ಎಂದು ಹಿಡಿದರೆ ಆ ಉದ್ದ 1.06 ಮೀಟರ್ ಆಗುತ್ತದೆ. 100 ಕಿಲೋನ್ಯೂಟನ್ ಭಾರದ ಗಾಲಿಗೆ ಮೊಮೆಂಟ್ ಸುಮಾರು 26.6 ಕಿಲೋನ್ಯೂಟನ್-ಮೀಟರ್, ಪಾದದ ತಳದಲ್ಲಿ ಎಳೆತದ ಸ್ಟ್ರೆಸ್ (ಕ್ಷೇತ್ರಫಲಕ್ಕೆ ಹಂಚಿದ ಬಲ) ಚದರ ಮಿಲಿಮೀಟರಿಗೆ ಸುಮಾರು 71 ನ್ಯೂಟನ್. ಸಾಮಾನ್ಯ ದರ್ಜೆಯ ಹಳಿ ಉಕ್ಕು ಹರಿಯಲು ಕನಿಷ್ಠ 880 ಬೇಕು. ಹಾಗಾದರೆ ಇಷ್ಟು ದಪ್ಪ ಹಳಿ ಏಕೆ ಎಂದು ಅನ್ನಿಸುವುದು ಸಹಜ. ಹಳಿ ಸಾಮಾನ್ಯವಾಗಿ ಒಂದೇ ಹೊರೆಗೆ ಮುರಿಯುವುದಿಲ್ಲ. ಲಕ್ಷಾಂತರ ಗಾಲಿಗಳು ಹಾದುಹೋದ ಮೇಲೆ ದಣಿವಿನಿಂದ ಬಿರುಕುಬಿಡುತ್ತದೆ, ಮತ್ತು ಆ ಬಿರುಕಿಗೆ ಅಚ್ಚುಮೆಚ್ಚಿನ ಜಾಗ ಕೀಲು, ಅಂದರೆ ಎರಡು ಹಳಿಗಳ ತುದಿಗಳು ಕೂಡುವ ಜಾಗ.

ಫಿಶ್‌ಪ್ಲೇಟ್

ಎರಡು ಹಳಿಗಳ ತುದಿಗಳನ್ನು ಎರಡೂ ಪಕ್ಕದಿಂದ ಹಿಡಿಯುವ ಉಕ್ಕಿನ ಪಟ್ಟಿಗೆ ಫಿಶ್‌ಪ್ಲೇಟ್ ಎಂದು ಹೆಸರು. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಜಸ್ ಆಡಮ್ಸ್ ಇದಕ್ಕೆ ಪೇಟೆಂಟ್ ಪಡೆದರು. ಮೀನಿಗೂ ಇದಕ್ಕೂ ನಂಟಿಲ್ಲ; ಹಡಗಿನ ಹಾಯಿಕಂಬ ಬಿರುಕುಬಿಟ್ಟಾಗ ಪಕ್ಕಕ್ಕೆ ಆನಿಸಿ ಬಿಗಿಯುತ್ತಿದ್ದ ಪಟ್ಟಿಯ ಹೆಸರು ಇಲ್ಲಿಗೂ ಬಂದಿದೆ.

ಫಿಶ್‌ಪ್ಲೇಟ್ ಹಳಿಯ ನಡುಗೋಡೆಗೆ ಅಂಟಿಕೊಂಡು ಕೂರುತ್ತದೆ, ಬೋಲ್ಟು ಅದನ್ನು ಅಲ್ಲಿಗೆ ಒತ್ತಿ ಹಿಡಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಪ್ಲೇಟು ನಡುಗೋಡೆಯನ್ನು ಮುಟ್ಟುವುದೇ ಇಲ್ಲ, ಮುಟ್ಟಲೂ ಬಾರದು. ಬಿಚ್ಚಿಟ್ಟ ಹಳೆಯ ಪ್ಲೇಟೊಂದನ್ನು ತಿರುಗಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೇಲಂಚಿನಲ್ಲಿ ಒಂದು, ಕೆಳಅಂಚಿನಲ್ಲಿ ಒಂದು, ಹೀಗೆ ಎರಡು ಪಟ್ಟೆಗಳು ಉಜ್ಜಿ ಹೊಳೆಯುತ್ತಿರುತ್ತವೆ, ನಡುವಿನ ಭಾಗ ತುಕ್ಕು ಹಿಡಿದಿರುತ್ತದೆ. ಹಳಿಯ ತಲೆಯ ಕೆಳಮೈಯೂ ಪಾದದ ಮೇಲ್ಮೈಯೂ ಇಳಿಜಾರಾಗಿವೆ. ಯುಐಸಿ 60ರಲ್ಲಿ ಈ ಇಳಿಜಾರು 2.75ಕ್ಕೆ 1. ಬೋಲ್ಟು ಬಿಗಿದಂತೆಲ್ಲ ಪ್ಲೇಟು ಆ ಎರಡು ಇಳಿಜಾರುಗಳ ನಡುವೆ ಬೆಣೆಯ ಹಾಗೆ ಒಳಕ್ಕೆ ಸರಿಯುತ್ತದೆ. ಉಜ್ಜಿ ಸವೆದಾಗ ಇನ್ನಷ್ಟು ಬಿಗಿದರೆ ಬೆಣೆ ಇನ್ನಷ್ಟು ಒಳಕ್ಕೆ ಹೋಗಿ ಮತ್ತೆ ಬಿಗಿಯಾಗುತ್ತದೆ. ನಡುಗೋಡೆಯ ಬಳಿ ಖಾಲಿ ಜಾಗ ಬಿಟ್ಟಿರುವುದು ಇದಕ್ಕಾಗಿಯೇ, ಪ್ಲೇಟು ಅಲ್ಲಿ ತಾಗಿದ ದಿನ ಬೆಣೆಯ ಕೆಲಸ ಮುಗಿಯಿತು.

ಹಳಿಯಲ್ಲಿ ಕೊರೆದ ರಂಧ್ರ ಬೋಲ್ಟಿಗಿಂತ ದೊಡ್ಡದು. ಹಳಿ ಹಿಗ್ಗಿ ಕುಗ್ಗುವಾಗ ತುದಿಗಳು ಪ್ಲೇಟಿನೊಳಗೆ ಜಾರಬೇಕಲ್ಲ. ಅಂದರೆ ಈ ಕೀಲಿನ ಮೇಲೆ ಎರಡು ವಿರುದ್ಧ ಬೇಡಿಕೆಗಳಿವೆ: ಮೇಲೆ ಕೆಳಗೆ ಅಲುಗದಂತೆ ಹಿಡಿಯಬೇಕು, ಉದ್ದಕ್ಕೆ ಜಾರಲು ಬಿಡಬೇಕು. ಎರಡೂ ಪೂರ್ತಿಯಾಗಿ ಈಡೇರುವುದಿಲ್ಲ. ಪ್ಲೇಟು ತಲೆ ಮತ್ತು ಪಾದಗಳ ನಡುವಿನ ಜಾಗದಲ್ಲೇ ಅಡಗಿ ಕೂರಬೇಕಾದ್ದರಿಂದ ಎರಡು ಪ್ಲೇಟು ಸೇರಿದರೂ ಅಖಂಡ ಹಳಿಯಷ್ಟು ಗಡಸಾಗುವುದಿಲ್ಲ. ಕೀಲು ಕ್ರಮೇಣ ತಗ್ಗುತ್ತದೆ, ತಗ್ಗಿನಲ್ಲಿ ಗಾಲಿ ಕುಟ್ಟುತ್ತದೆ, ಕುಟ್ಟಿದಷ್ಟೂ ತಗ್ಗು ಹೆಚ್ಚುತ್ತದೆ.

ಈ ಕುಟ್ಟುವಿಕೆಯಲ್ಲಿ ಎರಡು ಪೆಟ್ಟುಗಳಿವೆ. ಮೊದಲನೆಯದು ಗಾಲಿ ಹಳಿಯ ತುದಿಗಳ ನಡುವಿನ ಸಂದನ್ನು ದಾಟಿದ ಅರ್ಧ ಮಿಲಿಸೆಕೆಂಡಿನೊಳಗೆ ಬೀಳುತ್ತದೆ. ಅದು ಹಳಿಯ ತುದಿಯನ್ನೂ ಬೋಲ್ಟಿನ ರಂಧ್ರವನ್ನೂ ಹಾಳುಮಾಡುತ್ತದೆ. ರಂಧ್ರದ ಅಂಚಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಹೊರಡುವ ನಕ್ಷತ್ರ ಬಿರುಕು ಇದರ ಫಲ, ಅದು ಪ್ಲೇಟಿನ ಹಿಂದೆ ಬೆಳೆಯುವುದರಿಂದ ಹೊರಗಿನಿಂದ ಕಾಣುವುದೂ ಇಲ್ಲ. ಎರಡನೆಯದು ಕೆಲವು ಮಿಲಿಸೆಕೆಂಡುಗಳ ನಂತರ, ಸ್ಪ್ರಿಂಗಿನ ಕೆಳಗಿರುವ ಗಾಲಿ ಮತ್ತು ಅಚ್ಚಿನ ತೂಕವೆಲ್ಲ ಹಳಿ ಮತ್ತು ಸ್ಲೀಪರನ್ನು ಜಲ್ಲಿಯ ಮೇಲೆ ಒತ್ತಿದಾಗ ಬೀಳುತ್ತದೆ. ಇದು ಜಲ್ಲಿಯನ್ನು ಪುಡಿಮಾಡುತ್ತದೆ. ವೇಗ ಹೆಚ್ಚಿದಷ್ಟೂ, ಕೀಲಿನ ತಗ್ಗು ಕಡಿದಾದಷ್ಟೂ ಎರಡೂ ಪೆಟ್ಟು ಜೋರಾಗುತ್ತವೆ.

ಬೋಲ್ಟು ಸಡಿಲಗೊಳ್ಳುವುದನ್ನು ಸಣ್ಣ ವಿಷಯವೆಂದು ಎಣಿಸಬಾರದು. 2013ರ ಜುಲೈ 12ರಂದು ಫ್ರಾನ್ಸಿನ ಬ್ರೆಟಿನ್ಯಿ-ಸುರ್-ಓರ್ಜ್ ನಿಲ್ದಾಣದಲ್ಲಿ ಹಳಿಗಳು ಅಡ್ಡಹಾಯುವ ಜಾಗದಲ್ಲಿ ಫಿಶ್‌ಪ್ಲೇಟೊಂದು ಕಳಚಿಕೊಂಡು, ರೈಲು ಹಳಿತಪ್ಪಿ 7 ಜನ ಸತ್ತರು.

ಸಂದಿನ ಲೆಕ್ಕ

ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ 0.0000115 ಪಾಲು ಹಿಗ್ಗುತ್ತದೆ. 13 ಮೀಟರ್ ಹಳಿ 40 ಡಿಗ್ರಿಗೆ 6 ಮಿ.ಮೀ. ಹಿಗ್ಗುತ್ತದೆ. ಹಳಿ ಹಾಸುವ ದಿನದ ತಾಪಮಾನಕ್ಕೂ ಅತಿ ಹೆಚ್ಚಿನ ತಾಪಮಾನಕ್ಕೂ ಇರುವ ಅಂತರದಷ್ಟಕ್ಕೆ ಸಂದು ಬಿಟ್ಟರೆ ಸಾಕು. ಗಾಳಿಯ ತಾಪಮಾನವನ್ನಲ್ಲ, ಹಳಿಯ ತಾಪಮಾನವನ್ನೇ ಅಳೆಯಬೇಕು. ಬಿಸಿಲಿನಲ್ಲಿ ಹಳಿ ಗಾಳಿಗಿಂತ ಬಹಳ ಬಿಸಿಯಾಗಿರುತ್ತದೆ.

ಕಾಣೆಯಾದ ಉದ್ದ

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಕೀಲುಗಳನ್ನೆಲ್ಲ ತೆಗೆದು ಹಳಿಗಳನ್ನು ಬೆಸೆದುಬಿಟ್ಟರೆ ಸಂದೇ ಇರುವುದಿಲ್ಲ. ಹಿಗ್ಗಲು ಬಿಡದ ಹಳಿಯಲ್ಲಿ ಹುಟ್ಟುವ ಬಲಕ್ಕೆ ಸೂತ್ರ ಹೀಗಿದೆ: ಕ್ಷೇತ್ರಫಲ × ಯಂಗ್ ಗುಣಾಂಕ (ಲೋಹದ ಗಡಸುತನದ ಅಳತೆ) × ಹಿಗ್ಗುವಿಕೆಯ ಗುಣಾಂಕ × ತಾಪಮಾನದ ಬದಲಾವಣೆ. ಯುಐಸಿ 60ಕ್ಕೆ ಇದು 7670 × 210000 × 0.0000115, ಅಂದರೆ ಪ್ರತಿ ಡಿಗ್ರಿಗೆ ಸುಮಾರು 18.5 ಕಿಲೋನ್ಯೂಟನ್, 40 ಡಿಗ್ರಿಗೆ 741 ಕಿಲೋನ್ಯೂಟನ್. ಸೂತ್ರದಲ್ಲಿ ಉದ್ದವೇ ಇಲ್ಲ ಎಂಬುದನ್ನು ಗಮನಿಸಬೇಕು. ಉದ್ದನೆಯ ಹಳಿ ಹೆಚ್ಚು ಹಿಗ್ಗಬಯಸುತ್ತದೆ ನಿಜ, ಆದರೆ ಅಷ್ಟೇ ಸುಲಭವಾಗಿ ಅದನ್ನು ಅದುಮಬಹುದು. ಎರಡರಲ್ಲೂ ಇರುವ ಉದ್ದ ಒಂದನ್ನೊಂದು ಹೊಡೆದುಹಾಕುತ್ತದೆ. ಇದು ನನಗೆ ಬೇಗ ಅರ್ಥವಾಯಿತು.

ಅರ್ಥವಾಗದೆ ಉಳಿದದ್ದು ಹಳಿಯನ್ನು ಹಿಡಿದಿಡುವವರು ಯಾರು ಎಂಬುದು. ತುದಿಯಲ್ಲಿ ಗೋಡೆಯಿಲ್ಲ. ಉತ್ತರ ಜಲ್ಲಿ. ಹಳಿಯನ್ನು ಕ್ಲಿಪ್ಪುಗಳು ಸ್ಲೀಪರಿಗೆ ಬಿಗಿದಿವೆ, ಸ್ಲೀಪರುಗಳು ಜಲ್ಲಿಯಲ್ಲಿ ಹುದುಗಿವೆ, ಹಳಿ ಉದ್ದಕ್ಕೆ ಸರಿಯಹೊರಟರೆ ಜಲ್ಲಿ ತಡೆಯುತ್ತದೆ. ಈ ತಡೆಯನ್ನು ಅಭ್ಯಾಸಕ್ಕಾಗಿ ಹಳಿಯೊಂದಕ್ಕೆ ಮೀಟರಿಗೆ 7 ಕಿಲೋನ್ಯೂಟನ್ ಎಂದು ಹಿಡಿಯುತ್ತೇನೆ.

ತುದಿಯಿಂದ ಒಳಕ್ಕೆ ಮೀಟರ್ ಮೀಟರಾಗಿ ನಡೆದು ನೋಡೋಣ. ತುದಿಯಲ್ಲಿ ಹಿಡಿಯುವವರಿಲ್ಲ, ಬಲ ಸೊನ್ನೆ. 1 ಮೀಟರ್ ಒಳಗೆ 7 ಕಿಲೋನ್ಯೂಟನ್, 2 ಮೀಟರ್ ಒಳಗೆ 14, 10 ಮೀಟರ್ ಒಳಗೆ 70, 50 ಮೀಟರ್ ಒಳಗೆ 350. ಹೀಗೆಯೇ ಕೂಡಿಸುತ್ತ ಹೋಗಿ 1000 ಮೀಟರ್ ಒಳಗೆ 7000 ಕಿಲೋನ್ಯೂಟನ್ ಎಂದು ಬರೆದೆ, ಹಳಿ ನುಜ್ಜಾಗಬೇಕಲ್ಲ ಎಂದು ಗಾಬರಿಯಾದೆ. ತಪ್ಪು ಅಲ್ಲಿತ್ತು. ಮೇಜಿನ ಮೇಲಿಟ್ಟ ಪುಸ್ತಕವನ್ನು ತಳ್ಳದಿದ್ದರೆ ಮೇಜು ಅದನ್ನು ಎದುರು ತಳ್ಳುವುದಿಲ್ಲ. ಘರ್ಷಣೆ ಕೇಳಿದಷ್ಟನ್ನೇ ಕೊಡುತ್ತದೆ, ತನ್ನ ಗರಿಷ್ಠವನ್ನು ಸುಮ್ಮನೆ ಕೊಡುವುದಿಲ್ಲ. ಜಲ್ಲಿಯೂ ಹಾಗೆಯೇ. ಹಳಿಯ ಹಿಗ್ಗನ್ನು ಪೂರ್ತಿ ತಡೆಯಲು ಬೇಕಾದದ್ದು 741 ಕಿಲೋನ್ಯೂಟನ್ ಮಾತ್ರ. 741ನ್ನು 7ರಿಂದ ಭಾಗಿಸಿದರೆ ಸುಮಾರು 106 ಮೀಟರ್. ತುದಿಯಿಂದ ಅಷ್ಟು ದೂರ ಬಂದಾಗ ಬಲ 741 ಮುಟ್ಟುತ್ತದೆ, ಅಲ್ಲಿಂದಾಚೆಗೆ ಹಳಿಗೆ ಸರಿಯುವ ಪ್ರವೃತ್ತಿಯೇ ಇಲ್ಲ, ಆದ್ದರಿಂದ ಜಲ್ಲಿಗೂ ಕೆಲಸವಿಲ್ಲ. ಹಳಿ ಒಂದು ಕಿಲೋಮೀಟರಿನದ್ದಿರಲಿ, ನೂರು ಕಿಲೋಮೀಟರಿನದ್ದಿರಲಿ, ಅಲುಗಾಡುವುದು ಎರಡು ತುದಿಗಳ 106 ಮೀಟರ್ ಮಾತ್ರ. ಈ ಭಾಗವನ್ನು ಉಸಿರಾಡುವ ಉದ್ದ ಎನ್ನುತ್ತಾರೆ, ಹೆಸರು ಚೆನ್ನಾಗಿದೆ.

ತುದಿ ಎಷ್ಟು ಸರಿಯುತ್ತದೆ ಎಂಬುದಕ್ಕೆ ಒಂದು ಅಡ್ಡದಾರಿ ನನಗೆ ಬಹಳ ಹಿಡಿಸಿದೆ. ತುದಿಯಲ್ಲಿ ಹಳಿ ಪೂರ್ತಿ ಸ್ವತಂತ್ರವಾಗಿ ಹಿಗ್ಗುತ್ತದೆ, 106ನೇ ಮೀಟರಿನಲ್ಲಿ ಸ್ವಲ್ಪವೂ ಇಲ್ಲ, ನಡುವೆ ಸಮನಾಗಿ ಇಳಿಯುತ್ತದೆ. ಆದ್ದರಿಂದ ಸರಾಸರಿ ಅರ್ಧ. 106 ಮೀಟರ್ ಸ್ವತಂತ್ರವಾಗಿದ್ದರೆ 48.7 ಮಿ.ಮೀ. ಹಿಗ್ಗುತ್ತಿತ್ತು, ಅದರ ಅರ್ಧ 24.4 ಮಿ.ಮೀ. ಇದಕ್ಕೆಂದೇ ಇರುವ ದೊಡ್ಡ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದರಿಂದಲೂ ಇದೇ ಉತ್ತರ ಬರುತ್ತದೆ ಎಂದು ಬಿಡಿಸಿ ನೋಡಿದ್ದೇನೆ. ತಾಪಮಾನದ ಬದಲಾವಣೆ ಅರ್ಧವಾದರೆ, ಅಂದರೆ 20 ಡಿಗ್ರಿಯಾದರೆ, ಉಸಿರಾಡುವ ಉದ್ದವೂ ಅರ್ಧ, ಹಿಗ್ಗುವಿಕೆಯೂ ಅರ್ಧ, ಹಾಗಾಗಿ ತುದಿಯ ಚಲನೆ ಕಾಲುಭಾಗ, ಸುಮಾರು 6 ಮಿ.ಮೀ. ಮಾತ್ರ. ತಣಿಯುವಾಗ ತುದಿ ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಏಕೆಂದರೆ ಜಲ್ಲಿಯ ತಡೆ ಮೊದಲು ದಿಕ್ಕು ಬದಲಿಸಬೇಕು.

ಒಂದು ಕಿಲೋಮೀಟರಿನ 460 ಮಿ.ಮೀ.ನಲ್ಲಿ ಎರಡು ತುದಿಗಳಿಂದ ಹೊರಬಂದದ್ದು ಸುಮಾರು 49 ಮಿ.ಮೀ. ಉಳಿದ 411 ಮಿ.ಮೀ. ಎಲ್ಲಿಯೂ ಅಡಗಿಲ್ಲ, ಅದು ನಡೆಯಲೇ ಇಲ್ಲ. ನಡೆಯದೆ ಹೋದ ಆ ಹಿಗ್ಗುವಿಕೆ ಹಳಿಯೊಳಗೆ ಚದರ ಮಿಲಿಮೀಟರಿಗೆ ಸುಮಾರು 97 ನ್ಯೂಟನ್ ಸಂಪೀಡನವಾಗಿ, ಅಂದರೆ ಅದುಮುವ ಸ್ಟ್ರೆಸ್ ಆಗಿ, ಕುಳಿತಿದೆ.

ಒತ್ತಡವಿಲ್ಲದ ತಾಪಮಾನ

ಎರಡು ಹಳಿಗಳನ್ನೂ ಸೇರಿಸಿದರೆ 1482 ಕಿಲೋನ್ಯೂಟನ್, ಸುಮಾರು 151 ಟನ್ ಭಾರದಷ್ಟು ಬಲ. ಉದ್ದನೆಯ ತೆಳು ಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿದರೆ ಅದು ಪಕ್ಕಕ್ಕೆ ಸಿಡಿಯುವಂತೆ, ಪಕ್ಕದ ಜಲ್ಲಿ ಸಡಿಲವಾಗಿದ್ದರೆ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ಚಳಿಯಲ್ಲಿ ಇದು ತಿರುಗುಮುರುಗು: ಬಲ ಎಳೆತವಾಗುತ್ತದೆ, ಪಾದದಲ್ಲಿ ಗಾಲಿಯಿಂದ ಬಂದ 71ರ ಎಳೆತದ ಜೊತೆ ಕೂಡಿಕೊಳ್ಳುತ್ತದೆ, ಎಲ್ಲೋ ಇದ್ದ ಸಣ್ಣ ಬಿರುಕು ಹಳಿಯನ್ನು ತುಂಡರಿಸುತ್ತದೆ. ಆದ್ದರಿಂದ ಹಳಿಯಲ್ಲಿ ಬಲ ಸೊನ್ನೆಯಾಗಿರುವ ತಾಪಮಾನವನ್ನು ಎರಡು ಅತಿರೇಕಗಳ ನಡುವೆ, ಬಿಸಿಯ ಕಡೆಗೆ ತುಸು ವಾಲಿಸಿ ಆರಿಸುತ್ತಾರೆ. ಬ್ರಿಟನ್ನಿನಲ್ಲಿ ಅದು 27 ಡಿಗ್ರಿ.

ಕೆಲಸದ ದಿನ ಹಳಿ 15 ಡಿಗ್ರಿಯಲ್ಲಿದ್ದರೆ ಅದನ್ನು ಕಾಯಿಸಬೇಕಾಗಿಲ್ಲ, ಹೈಡ್ರಾಲಿಕ್ ಯಂತ್ರದಿಂದ ಎಳೆದರೆ ಸಾಕು. ಕ್ಲಿಪ್ಪುಗಳನ್ನು ಬಿಚ್ಚಿ, ಹಳಿಯನ್ನು ರೋಲರುಗಳ ಮೇಲೆ ಎತ್ತಿಟ್ಟು, 300 ಮೀಟರಿಗೆ 41 ಮಿ.ಮೀ. ಎಳೆದರೆ ಅದು 27 ಡಿಗ್ರಿಯಲ್ಲಿ ಇರಬೇಕಾದ ಉದ್ದಕ್ಕೆ ಬರುತ್ತದೆ. ಥರ್ಮಿಟ್ ಬೆಸುಗೆಗೆ (ಕರಗಿದ ಉಕ್ಕನ್ನು ತುದಿಗಳ ನಡುವೆ ಸುರಿಯುವ ಬೆಸುಗೆ) 25 ಮಿ.ಮೀ. ಸಂದು ಬೇಕಾದ್ದರಿಂದ, ಎಳೆಯುವ ಮೊದಲು ತುದಿಗಳ ನಡುವೆ 66 ಮಿ.ಮೀ. ಅಂತರವಿರುವಂತೆ ಕತ್ತರಿಸಬೇಕು. ಈ 25ನ್ನು ಕೂಡಿಸುವುದನ್ನು ನಾನು ಎರಡು ಸಲ ಮರೆತೆ.

ಬೆಸುಗೆ ಮತ್ತು ಉಳಿದುಕೊಂಡ ಕೀಲು

ಥರ್ಮಿಟ್‌ನಲ್ಲಿ ಅಲ್ಯೂಮಿನಿಯಂ ಪುಡಿ ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವಾಗ ಭಾರಿ ಶಾಖ ಹುಟ್ಟುತ್ತದೆ, ಆ ಶಾಖದಲ್ಲಿ ಕರಗಿದ ಉಕ್ಕು ಎರಕದ ಅಚ್ಚಿಗೆ ಇಳಿಯುತ್ತದೆ. 1899ರಲ್ಲಿ ಜರ್ಮನಿಯ ಎಸ್ಸೆನ್ ನಗರದ ಟ್ರಾಮ್ ಹಳಿಗಳನ್ನು ಹೀಗೆ ಬೆಸೆದರು. ಕಾರ್ಖಾನೆಯಲ್ಲಾದರೆ ವಿದ್ಯುತ್ತಿನಿಂದ ತುದಿಗಳನ್ನು ಕಾಯಿಸಿ ಒಂದಕ್ಕೊಂದು ಒತ್ತುತ್ತಾರೆ, ಹೊರಗಿನ ಲೋಹ ಬೇಕಿಲ್ಲ.

ಆದರೂ ಒಂದು ಬಗೆಯ ಕೀಲು ಉಳಿದಿದೆ. 1872ರಲ್ಲಿ ವಿಲಿಯಂ ರಾಬಿನ್ಸನ್ ರೂಪಿಸಿದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ರೈಲಿನ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ವಿದ್ಯುತ್ತಿನಿಂದ ಸೇರಿಸಿದಾಗ ಸಿಗ್ನಲ್ಲಿಗೆ ರೈಲಿನ ಇರುವು ತಿಳಿಯುತ್ತದೆ. ಇಂಥ ಸರ್ಕ್ಯೂಟುಗಳ ಗಡಿಯಲ್ಲಿ ಹಳಿಯಿಂದ ಹಳಿಗೆ ವಿದ್ಯುತ್ ದಾಟದ ಕೀಲನ್ನು ಹಾಕುವುದು ರೂಢಿ. ಅದು ಜಾರುವಂತಿಲ್ಲ: ಸೊನ್ನೆ ಬಲದ ತಾಪಮಾನಕ್ಕಿಂತ 40 ಡಿಗ್ರಿ ಕೆಳಗಿಳಿದ ರಾತ್ರಿ ಅದೇ 741 ಕಿಲೋನ್ಯೂಟನ್ ಅದನ್ನು ಎಳೆದು ಬಿಡಿಸಲು ನೋಡುತ್ತದೆ. ಆದ್ದರಿಂದ ಇಲ್ಲಿ ಪ್ಲೇಟಿಗೂ ಹಳಿಗೂ ನಡುವೆ ವಿದ್ಯುತ್ ನಿರೋಧಕ ಪದರವನ್ನಿಟ್ಟು ಬಲವಾದ ಅಂಟು ಹಾಕಿ ಬೋಲ್ಟು ಬಿಗಿಯುತ್ತಾರೆ. ಸಾಮಾನ್ಯ ಫಿಶ್‌ಪ್ಲೇಟಿನಲ್ಲಿ ಮುಟ್ಟಲೇಬಾರದಾಗಿದ್ದ ನಡುಗೋಡೆಗೂ ಇಲ್ಲಿ ಅಂಟು ತುಂಬುತ್ತಾರೆ, ಬೆಣೆ ಒಳಕ್ಕೆ ಸರಿಯುವ ಕೆಲಸ ಇಲ್ಲಿ ಬೇಕಾಗಿಲ್ಲ.